ಸೂಕ್‌ನಲ್ಲಿ ಚೌಕಾಸಿ, ಶಾಲೆಯಲ್ಲಿ ಮೌನ: ವಿಶೇಷ ಅಗತ್ಯವಿರುವ ಮಗುವಿಗಾಗಿ ಪೋಷಕರು ಕೇಳುವುದು ಹೇಗೆ?

ದೋಹಾ: ಶುಕ್ರವಾರ ಸಂಜೆ ಸೂಕ್ ವಾಕಿಫ್‌ಗೆ ಕಾಲಿಟ್ಟರೆ ಊರಿನ ಸಂತೆ ನೆನಪಾಗದೆ ಇರಲ್ಲ. ಮಸಾಲೆ ಅಂಗಡಿಗಳ ಮುಂದೆ ಬಾಯ್ತೆರೆದ ಗೋಣಿಗಳು, ಊದ್‌ನ ಹೊಗೆ, ಹಕ್ಕಿ ಮಾರುವ ಓಣಿಯ ಗದ್ದಲ, ಜನರ ನಡುವೆ ಕೈಗಾಡಿ ತಳ್ಳಿಕೊಂಡು ಹೋಗುವ ಹಮಾಲರು. ಕಡಲ ನೀರು ಅಂಗಡಿಯ ತನಕ ಬರುತ್ತಿದ್ದ ಕಾಲದಲ್ಲಿ ವ್ಯಾಪಾರಿಗಳು ನಿಂತೇ ಮಾರುತ್ತಿದ್ದರು, ಹಾಗಾಗಿ 'ನಿಂತ ಸಂತೆ' ಎಂಬ ಹೆಸರು ಬಂತು ಅಂತ ಹೇಳ್ತಾರೆ. ಇಲ್ಲಿ ತಿರುಗಾಡುವಾಗ ಕನ್ನಡ, ತುಳು, ಬ್ಯಾರಿ, ಕೊಂಕಣಿ ಮಾತು ಕಿವಿಗೆ ಬೀಳುವುದು ಅಪರೂಪವೇನಲ್ಲ. ನಲವತ್ತು ರಿಯಾಲ್ ಹೇಳಿದ ಚೀಲವನ್ನು ಇಪ್ಪತ್ತೈದಕ್ಕೆ ಇಳಿಸುವ ತನಕ ಬಿಡದ ನಮ್ಮೂರಿನ ಅಪ್ಪ ಅಮ್ಮಂದಿರೂ ಇಲ್ಲಿ ಬೇಕಾದಷ್ಟು ಸಿಗ್ತಾರೆ.

ಅದೇ ಅಪ್ಪ ಮಗನ ಶಾಲೆಯಲ್ಲಿ ಟೀಚರ್ ಎದುರು ಕೂತಾಗ ಬಾಯಿ ಬಿಡಲ್ಲ. "ಹುಡುಗ ಗಮನ ಕೊಡಲ್ಲ, ನೋಟ್ಸ್ ಬರೆಯಲ್ಲ, ಮನೆಯಲ್ಲಿ ಸ್ವಲ್ಪ ನೋಡ್ಕೊಳ್ಳಿ" ಎಂದು ಟೀಚರ್ ಹೇಳಿದರೆ "ಸರಿ ಮೇಡಂ" ಅಂದು ಎದ್ದು ಬರುತ್ತಾರೆ. ಮನೆಗೆ ಬಂದು ಸಿಟ್ಟು ಮಗುವಿನ ಮೇಲೆ, ಮಗು ಮಲಗಿದ ಮೇಲೆ ಹೆಂಡತಿಯ ಮೇಲೆ. ಓದಲು, ಬರೆಯಲು, ಮಾತಾಡಲು ಅಥವಾ ಒಂದೆಡೆ ಕೂರಲು ಕಷ್ಟಪಡುವ ಮಗುವಿನ ಮನೆಯಲ್ಲಿ ಇದು ವರ್ಷಗಟ್ಟಲೆ ಹೀಗೇ ನಡೆಯಬಹುದು. ಆ ವರ್ಷಗಳು ಮತ್ತೆ ಸಿಗುವುದಿಲ್ಲ ಎಂಬುದೇ ಇಲ್ಲಿರುವ ದೊಡ್ಡ ನಷ್ಟ. ಮೂರನೇ ಕ್ಲಾಸಿನಲ್ಲಿ ಒಂದು ಪತ್ರ ಬರೆದಿದ್ದರೆ ಸಿಗಬಹುದಾಗಿದ್ದ ಸಹಾಯವನ್ನು ಒಂಬತ್ತನೇ ಕ್ಲಾಸಿನಲ್ಲಿ ಹುಡುಕಿಕೊಂಡು ಹೋದರೆ ಹತ್ತಾರು ಬಾಗಿಲು ತಟ್ಟಬೇಕಾಗತ್ತೆ.

ಸಂತೆಯಲ್ಲಿ ಕಾಣುವುದು ಕ್ಲಾಸಿನಲ್ಲಿ ಕಾಣಲ್ಲ

ಶಾಲೆಗೆ ಏನು ಹೇಳಬೇಕು ಅಂತ ಗೊತ್ತಿಲ್ಲದ್ದೇ ಹಲವರ ಮೌನಕ್ಕೆ ಮೊದಲ ಕಾರಣ. ಡಾಕ್ಟರ್ ಹೇಳಿದ ಇಂಗ್ಲಿಷ್ ಹೆಸರು ಬಾಯಿಗೆ ಬರಲ್ಲ, ಬಂದರೂ ಅದರ ಅರ್ಥ ಟೀಚರಿಗೂ ಪೂರ್ತಿ ತಿಳಿದಿರಬೇಕಾಗಿಲ್ಲ. ಆದರೆ ತಂದೆ ತಾಯಿಗೆ ಮಾತ್ರ ಗೊತ್ತಿರುವ ಸಂಗತಿಗಳು ಕೆಲವಿವೆ, ಅವಕ್ಕೆ ಡಿಗ್ರಿ ಬೇಡ.

ಉದಾಹರಣೆಗೆ, ಬಂಟ್ವಾಳದ ಕಡೆಯ ಒಂದು ಕುಟುಂಬ ಎಂಟು ವರ್ಷದ ಹುಡುಗನನ್ನು ಕರೆದುಕೊಂಡು ಸೂಕ್‌ಗೆ ಬಂದಿದೆ ಅಂತಿಟ್ಟುಕೊಳ್ಳಿ. ಮೆಟ್ರೋ ಸ್ಟೇಷನ್‌ನಿಂದ ಹೊರಬಂದ ಕೂಡಲೇ ಹುಡುಗ ಎರಡೂ ಕಿವಿ ಮುಚ್ಚಿಕೊಂಡ. ಇಕ್ಕಟ್ಟಿನ ಓಣಿಯಲ್ಲಿ ಹತ್ತು ನಿಮಿಷ ನಡೆದದ್ದೇ ಅಳು ಶುರು. ಬಯಲಿನಲ್ಲಿ ಪಾರಿವಾಳಗಳ ಹಿಂಡು ಕಂಡ ಮೇಲೆ ಶಾಂತವಾದ, ಅರ್ಧ ಗಂಟೆ ಅಲ್ಲೇ ಕೂತು ಎಣಿಸಿದ. ನೂರರ ತನಕ ತಪ್ಪಿಲ್ಲದೆ ಬಾಯಲ್ಲಿ ಎಣಿಸಿದವನು ಮನೆಗೆ ಬಂದು ಮೂವತ್ತೇಳು ಬರೆಯೋ ಅಂದರೆ 73 ಬರೆದ.

ಈ ಒಂದೇ ಸಂಜೆಯಲ್ಲಿ ಶಾಲೆಗೆ ಬೇಕಾದ ನಾಲ್ಕು ಮಾಹಿತಿ ಇದೆ. ಗದ್ದಲ ಅವನಿಗೆ ಸಹಿಸಲಾಗದ ವಿಷಯ. ಇಕ್ಕಟ್ಟಾದಾಗ ಹತ್ತು ನಿಮಿಷ ತಡೆದುಕೊಳ್ಳುತ್ತಾನೆ. ಇಷ್ಟದ ಕೆಲಸ ಸಿಕ್ಕರೆ ಅರ್ಧ ಗಂಟೆ ಗಮನ ಕೊಡುತ್ತಾನೆ. ಲೆಕ್ಕ ಬಾಯಲ್ಲಿ ಬರುತ್ತದೆ, ಕೈಯಲ್ಲಿ ತಪ್ಪುತ್ತದೆ. ಆದ್ದರಿಂದ ಮಾಡಬೇಕಾದ ಮೊದಲ ಕೆಲಸ ಹತ್ತು ರಿಯಾಲಿನ ಒಂದು ನೋಟ್‌ಪುಸ್ತಕ ಕೊಳ್ಳುವುದು. ಎರಡು ವಾರ, ದಿನಕ್ಕೆ ಮೂರು ನಾಲ್ಕು ಸಾಲು. ತಾರೀಕು, ಎಲ್ಲಿ, ಏನಾಯ್ತು, ಎಷ್ಟು ಹೊತ್ತು, ಯಾವುದರಿಂದ ಸರಿಹೋಯ್ತು. ಕನ್ನಡದಲ್ಲೇ ಬರೆಯಲಿ, ಮೊಬೈಲಿನಲ್ಲಿ ವಾಯ್ಸ್ ನೋಟ್ ಆದರೂ ಸರಿ. 'ಹಠಮಾರಿ', 'ಸೋಮಾರಿ' ಎಂಬ ಪದಗಳು ಮಾತ್ರ ಆ ಪುಸ್ತಕಕ್ಕೆ ಬರಬಾರದು. ಅವು ನೋಡಿದ ಸಂಗತಿಗಳಲ್ಲ, ನೋಡಿದವರ ಸಿಟ್ಟು.

"ಮನೆಯಲ್ಲಿ ಕನ್ನಡ ನಿಲ್ಲಿಸಿ" ಎಂಬ ಸಲಹೆ

ಮಗು ಮಾತು ತಡ ಮಾಡಿದರೆ ಗಲ್ಫ್‌ನ ಮನೆಗಳಲ್ಲಿ ಕೇಳಿಬರುವ ಮೊದಲ ಸಲಹೆ ಇದು. ಮನೆಯಲ್ಲಿ ತುಳು, ಪಕ್ಕದ ಫ್ಲಾಟಿನಲ್ಲಿ ಮಲಯಾಳಂ, ಟಿವಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಅರಬಿ. ಇಷ್ಟೆಲ್ಲ ಭಾಷೆಯಿಂದ ಮಗುವಿಗೆ ಗೊಂದಲವಾಗಿದೆ, ಎಲ್ಲ ಬಿಟ್ಟು ಇಂಗ್ಲಿಷ್ ಮಾತಾಡಿ ಅಂತ ನೆಂಟರು ಹೇಳ್ತಾರೆ, ಕೆಲವೊಮ್ಮೆ ಟೀಚರೂ ಹೇಳ್ತಾರೆ.

ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ತೊಂದರೆಯಾಗಲಿ ಆಟಿಸಂ ಆಗಲಿ ಬರುವುದಿಲ್ಲ. ಇದರ ಬಗ್ಗೆ ಹಲವು ದೇಶಗಳಲ್ಲಿ ಅಧ್ಯಯನ ನಡೆದಿದೆ. ತಾಯಿಗೆ ಸರಾಗವಾಗಿ ಬರುವ ಭಾಷೆಯನ್ನು ಬಿಡಿಸಿ, ತಡವರಿಸುವ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಮಗುವಿಗೆ ಸಿಗುವ ಮಾತು ಕಡಿಮೆಯಾಗತ್ತೆ, ಅಷ್ಟೇ. ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡುವ ದಾರಿಯೂ ಮುಚ್ಚಿ ಹೋಗತ್ತೆ. ಮಗು ಯಾವ ಭಾಷೆಯಲ್ಲೂ ವಯಸ್ಸಿಗೆ ತಕ್ಕಷ್ಟು ಮಾತಾಡುತ್ತಿಲ್ಲ ಎಂದಾದರೆ ಅದು ನಿಜವಾದ ಎಚ್ಚರಿಕೆ. ಕನ್ನಡದಲ್ಲಿ ಚೆನ್ನಾಗಿ ಮಾತಾಡಿ ಇಂಗ್ಲಿಷಿನಲ್ಲಿ ಮಾತ್ರ ಹಿಂದಿದ್ದರೆ ಅದು ಬೇರೆ ವಿಷಯ. ಈ ವ್ಯತ್ಯಾಸವನ್ನು ಹೇಳಬಲ್ಲವರು ತಂದೆ ತಾಯಿ ಮಾತ್ರ, ಯಾಕೆಂದರೆ ದೋಹಾದಲ್ಲಿ ಪರೀಕ್ಷಿಸುವ ಡಾಕ್ಟರಿಗೆ ಕನ್ನಡ ಬರುವ ಸಾಧ್ಯತೆ ಕಡಿಮೆ.

ಓದಿನ ತೊಂದರೆಗೂ ಇದೇ ಮಾತು. 'ತಾರೆ ಜಮೀನ್ ಪರ್' ಸಿನಿಮಾ 2007ರಲ್ಲಿ ಬಂದ ಮೇಲೆ ಡಿಸ್ಲೆಕ್ಸಿಯಾ ಎಂಬ ಪದ ಎಲ್ಲರ ಬಾಯಲ್ಲೂ ಇದೆ. ಆದರೆ ಎಲ್ಲ ನಿಧಾನದ ಓದೂ ಡಿಸ್ಲೆಕ್ಸಿಯಾ ಅಲ್ಲ. ಕನ್ನಡದಂಥ ಅಕ್ಷರಮಾಲೆಯಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕಲಿಯಬೇಕಾದ ರೂಪಗಳು ನೂರಾರು. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಕನ್ನಡ ಓದುವ ಮಕ್ಕಳ ಮೇಲೆ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಕಲಿಯುವಷ್ಟು ಬೇಗ ಕನ್ನಡದ ಅಕ್ಷರಗಳು ಕೈಗೂಡುವುದಿಲ್ಲ, ಮೊದಲ ಎರಡು ಮೂರು ವರ್ಷ ಕಳೆದರೂ ಆ ಕಲಿಕೆ ನಡೆಯುತ್ತಲೇ ಇರುತ್ತದೆ ಎಂದು ಅದು ತೋರಿಸಿತು. ಊರಿನಲ್ಲಿ ಕನ್ನಡ ಮೀಡಿಯಂ ಓದುವ ಎರಡನೇ ಕ್ಲಾಸಿನ ಮಗು ಒತ್ತಕ್ಷರ ತಪ್ಪಿಸಿದರೆ ಗಾಬರಿ ಬೇಡ. ನಾಲ್ಕನೇ ಕ್ಲಾಸಿನಲ್ಲೂ ಸರಳ ಪದಗಳನ್ನು ಕೂಡಿಸಿ ಓದಲಾಗದಿದ್ದರೆ ಮಾತ್ರ ಕಾಯುತ್ತಾ ಕೂರಬಾರದು.

ಪತ್ರ

ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆ ಇಲ್ಲ. ಟೀಚರ್ ಬದಲಾದರೆ, ಕೋ-ಆರ್ಡಿನೇಟರ್ ಊರಿಗೆ ಹೋದರೆ ಎಲ್ಲ ಮೊದಲಿನಿಂದ. ಹಾಗಾಗಿ ಪತ್ರ ಅಥವಾ ಇಮೇಲ್ ಬೇಕೇ ಬೇಕು. ಒಂದು ಪುಟ ಸಾಕು, ಇಂಗ್ಲಿಷ್ ಸರಿ ಬರದಿದ್ದರೆ ರೂಮಿನ ಅಥವಾ ಆಫೀಸಿನ ಯಾರಾದರೂ ಬರೆದುಕೊಡಬಹುದು. ಆದರೆ ಒಳಗಿನ ವಿಷಯ ನೋಟ್‌ಪುಸ್ತಕದಿಂದಲೇ ಬರಬೇಕು.

"ನಮ್ಮ ಮಗ ಓದಿನಲ್ಲಿ ಹಿಂದಿದ್ದಾನೆ, ದಯವಿಟ್ಟು ವಿಶೇಷ ಗಮನ ಕೊಡಿ" ಎಂದು ಬರೆದರೆ ಪ್ರಿನ್ಸಿಪಾಲ್ "ಖಂಡಿತ" ಎನ್ನುತ್ತಾರೆ. ಮುಂದೇನೂ ಆಗಲ್ಲ. ಯಾಕೆಂದರೆ ಏನು ಮಾಡಬೇಕು ಅಂತ ಅದರಲ್ಲಿ ಇಲ್ಲ. ಬದಲಿಗೆ ಹೀಗೆ ಬರೆಯಬಹುದು: "ಬೋರ್ಡಿನಿಂದ ಐದು ಸಾಲು ನೋಡಿ ಬರೆಯಲು ಅವನಿಗೆ ಇಪ್ಪತ್ತು ನಿಮಿಷ ಬೇಕಾಗುತ್ತದೆ. ಕೇಳಿದ್ದನ್ನು ಬಾಯಲ್ಲಿ ಸರಿಯಾಗಿ ಉತ್ತರಿಸುತ್ತಾನೆ. ಮೊದಲ ಸಾಲಿನಲ್ಲಿ ಕೂರಿಸಲು, ಬೋರ್ಡಿನ ನೋಟ್ಸ್‌ನ ಪ್ರತಿ ಕೊಡಲು ಮತ್ತು ಈ ಟರ್ಮ್‌ನಲ್ಲಿ ಗಣಿತದ ಕ್ಲಾಸ್ ಟೆಸ್ಟನ್ನು ಬಾಯಲ್ಲೂ ಕೇಳಲು ಸಾಧ್ಯವೇ? ಈ ಬಗ್ಗೆ ಮಾತಾಡಲು ಶಾಲೆಯ ಸ್ಪೆಷಲ್ ಎಜುಕೇಟರ್ ಅಥವಾ ಕೌನ್ಸೆಲರ್ ಜೊತೆ ಒಂದು ಸಮಯ ಕೊಡಿ." ಇದಕ್ಕೆ ಶಾಲೆ ಆಗಲಿ ಅನ್ನಬೇಕು ಇಲ್ಲವೇ ಆಗಲ್ಲ ಅನ್ನಬೇಕು. ಎರಡೂ ಉತ್ತರ ಉಪಯೋಗಕ್ಕೆ ಬರುತ್ತವೆ.

ಚೌಕಾಸಿ ಬಲ್ಲವರಿಗೆ ಒಂದು ಎಚ್ಚರಿಕೆ. ಸೂಕ್‌ನಲ್ಲಿ ದೊಡ್ಡ ಬೆಲೆ ಹೇಳಿ ಇಳಿಯುವುದು ರೂಢಿ. ಶಾಲೆಯಲ್ಲಿ ಹತ್ತು ಬೇಡಿಕೆ ಇಟ್ಟು ಮೂರಕ್ಕೆ ಇಳಿದರೆ ಯಾವ ಮೂರು ಉಳಿಯಬೇಕು ಅಂತ ತೀರ್ಮಾನಿಸುವವರು ಶಾಲೆಯವರಾಗುತ್ತಾರೆ. ಮಗುವಿಗೆ ಈಗಲೇ ಬೇಕಾದ ಎರಡೋ ಮೂರೋ ವಿಷಯ ಮಾತ್ರ ಕೇಳಿ, ಆರು ವಾರ ಬಿಟ್ಟು ಮತ್ತೆ ನೋಡೋಣ ಅನ್ನುವುದು ಮೇಲು.

ಪತ್ರಕ್ಕೆ ತಾರೀಕು ಹಾಕಬೇಕು, ಒಂದು ಪ್ರತಿ ಇಟ್ಟುಕೊಳ್ಳಬೇಕು. ಮೀಟಿಂಗ್ ಆದ ದಿನ ರಾತ್ರಿಯೇ "ಇಂದು ಮಾತಾಡಿದ ಪ್ರಕಾರ ಇಂತಿಂಥದ್ದು ಮಾಡುವುದಾಗಿ ಒಪ್ಪಿದ್ದೀರಿ, ಧನ್ಯವಾದ" ಎಂದು ನಾಲ್ಕು ಸಾಲಿನ ಇಮೇಲ್ ಕಳಿಸಬೇಕು. ಜಗಳದ ಧ್ವನಿ ಇದರಲ್ಲಿ ಇಲ್ಲ. ಆದರೆ ಮುಂದಿನ ವರ್ಷ ಹೊಸ ಟೀಚರ್ ಬಂದಾಗ ಇದೇ ಇಮೇಲ್ ಕೆಲಸ ಮಾಡುತ್ತದೆ. ಹೊರದೇಶಗಳಲ್ಲಿ ಐಇಪಿ ಅಂತ ಕರೆಯುವ ವೈಯಕ್ತಿಕ ಶಿಕ್ಷಣ ಯೋಜನೆ ಹುಟ್ಟಿದ್ದೂ ಇಂಥ ಕಾಗದದಿಂದಲೇ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬುದ್ಧಿಮಾಂದ್ಯ ಮಕ್ಕಳ ಪೋಷಕರ ಸಂಘ ಕೋರ್ಟಿಗೆ ಹೋಗಿ, ಶಾಲೆಯ ಬಾಗಿಲು ತಮ್ಮ ಮಕ್ಕಳಿಗೂ ತೆರೆಯಬೇಕೆಂದು 1972ರಲ್ಲಿ ತೀರ್ಪು ಪಡೆಯಿತು. 1975ರಲ್ಲಿ ಅಲ್ಲಿ ಕಾನೂನೇ ಬಂತು. ಪ್ರತಿ ಮಗುವಿಗೂ ಲಿಖಿತ ಯೋಜನೆ, ಅದನ್ನು ಮಾಡುವ ಮೇಜಿನ ಸುತ್ತ ಪೋಷಕರಿಗೂ ಒಂದು ಕುರ್ಚಿ ಎಂಬುದು ಆ ಕಾನೂನಿನಲ್ಲೇ ಇದೆ. ದೋಹಾದ ಭಾರತೀಯ ಶಾಲೆಯಲ್ಲೂ "ಮಗುವಿಗೆ ಐಇಪಿ ಇದೆಯೇ, ಇದ್ದರೆ ಒಂದು ಪ್ರತಿ ಕೊಡಿ" ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಡಾಕ್ಟರ್ ಕಾಗದ ಎಲ್ಲಿ ಸಿಗತ್ತೆ

ಕತಾರಿನಲ್ಲಿ ರೆಸಿಡೆನ್ಸಿ ಮತ್ತು ಹೆಲ್ತ್ ಕಾರ್ಡ್ ಇರುವ ಕುಟುಂಬ ಮೊದಲು ಹೋಗಬೇಕಾದ್ದು ತಮ್ಮ ಏರಿಯಾದ ಹೆಲ್ತ್ ಸೆಂಟರಿಗೆ. ಅಲ್ಲಿನ ಡಾಕ್ಟರ್ ರೆಫರ್ ಮಾಡಿದ ಮೇಲೆ ಹಮದ್ ಮೆಡಿಕಲ್ ಕಾರ್ಪೊರೇಷನ್ ಅಥವಾ ಸಿದ್ರಾ ಮೆಡಿಸಿನ್‌ನ ಮಕ್ಕಳ ಬೆಳವಣಿಗೆ ತಜ್ಞರ ಸರದಿ. ಕಾಯಬೇಕಾಗಬಹುದು, ಆದ್ದರಿಂದ ಅನುಮಾನ ಬಂದ ತಿಂಗಳೇ ಹೆಸರು ಹಚ್ಚುವುದು ಒಳ್ಳೆಯದು. ಖಾಸಗಿ ಕ್ಲಿನಿಕ್ಕುಗಳಲ್ಲಿ ಬೇಗ ಆಗತ್ತೆ, ಕೈ ಸುಡತ್ತೆ. ಕಂಪನಿಯ ಇನ್ಶೂರೆನ್ಸ್ ಸ್ಪೀಚ್ ಥೆರಪಿಗೆ ಕೊಡುತ್ತದೆಯೇ ಎಂದು ಎಚ್‌ಆರ್‌ಗೆ ಮೊದಲೇ ಕೇಳಬೇಕು.

ಈ ವಿಷಯಕ್ಕೆ ಕತಾರ್ ಹೊಸದೇನಲ್ಲ. ಏಪ್ರಿಲ್ 2ರ ವಿಶ್ವ ಆಟಿಸಂ ಜಾಗೃತಿ ದಿನವನ್ನು ವಿಶ್ವಸಂಸ್ಥೆ 2007ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡದ್ದು ಕತಾರ್ ಮುಂದಿಟ್ಟ ಪ್ರಸ್ತಾವದಿಂದ. ಅಂಗವೈಕಲ್ಯವುಳ್ಳವರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದವನ್ನು ಈ ದೇಶ 2008ರಲ್ಲಿ ಅಂಗೀಕರಿಸಿದೆ. 2019ರಲ್ಲಿ ಪ್ರಕಟವಾದ ಇಲ್ಲಿನ ಅಧ್ಯಯನದ ಪ್ರಕಾರ 6ರಿಂದ 11 ವರ್ಷದ ಮಕ್ಕಳಲ್ಲಿ ಶೇ. 1.14ರಷ್ಟು ಮಂದಿಗೆ, ಅಂದರೆ 87ರಲ್ಲಿ ಒಬ್ಬರಿಗೆ ಆಟಿಸಂ ಇದೆ. ಸಂಘದ ರಾಜ್ಯೋತ್ಸವಕ್ಕೆ ಬಂದ ಮಕ್ಕಳನ್ನೆಲ್ಲ ಒಟ್ಟು ಸೇರಿಸಿದರೆ ಅದರಲ್ಲೂ ಒಬ್ಬಿಬ್ಬರು ಇರಬಹುದಾದ ಲೆಕ್ಕ ಇದು. ಆ ಮಗುವನ್ನು ಮನೆಯಲ್ಲೇ ಬಿಟ್ಟು ಬಂದಿದ್ದರೆ ಕಾಣುವುದಿಲ್ಲ, ಅಷ್ಟೇ.

ಡಾಕ್ಟರ್ ರಿಪೋರ್ಟಿನಲ್ಲಿ ಕಾಯಿಲೆಯ ಹೆಸರು ಮಾತ್ರ ಇದ್ದರೆ ಶಾಲೆಗೆ ಅದು ಅರ್ಧ ಕಾಗದ. ಕ್ಲಾಸಿನಲ್ಲಿ ಏನು ಮಾಡಬೇಕು, ಪರೀಕ್ಷೆಯಲ್ಲಿ ಏನು ಕೊಡಬೇಕು ಎಂಬ ಶಿಫಾರಸೂ ಅದರಲ್ಲಿ ಬರಲಿ ಅಂತ ಕೇಳಿ ಬರೆಸಿಕೊಳ್ಳಬೇಕು.

"ಹೇಳಿದರೆ ಸೀಟು ಹೋದರೆ?"

ಈ ಭಯ ಸುಳ್ಳೇನಲ್ಲ. ಕತಾರಿನ ಭಾರತೀಯ ಶಾಲೆಗಳು ಖಾಸಗಿ ಶಾಲೆಗಳು. ಊರಿನಲ್ಲಿರುವಂಥ ಉಚಿತ ಶಿಕ್ಷಣದ ಹಕ್ಕು ವಲಸೆ ಕುಟುಂಬಕ್ಕೆ ಇಲ್ಲಿ ಹಾಗೇ ಅನ್ವಯವಾಗಲ್ಲ. ತಂದೆಯ ಕೆಲಸ, ವೀಸಾ, ಮಗುವಿನ ಸೀಟು ಎಲ್ಲ ಒಂದಕ್ಕೊಂದು ಕಟ್ಟಿಕೊಂಡಿವೆ. ಆದರೆ ಮುಚ್ಚಿಟ್ಟು ಅಡ್ಮಿಷನ್ ಮಾಡಿಸಿದರೆ ವರ್ಷದ ನಡುವೆ ವಿಷಯ ಹೊರಬಂದಾಗ ಪೋಷಕರ ಮಾತಿಗೆ ಬೆಲೆ ಇರುವುದಿಲ್ಲ. ಅಡ್ಮಿಷನ್‌ಗೆ ಮುಂಚೆಯೇ ಎರಡು ಪ್ರಶ್ನೆ ಕೇಳುವುದು ಒಳ್ಳೆಯದು: ಶಾಲೆಯಲ್ಲಿ ಸ್ಪೆಷಲ್ ಎಜುಕೇಟರ್ ಇದ್ದಾರೆಯೇ? ಇದ್ದರೆ ಎಷ್ಟು ಮಕ್ಕಳಿಗೆ ಒಬ್ಬರು? ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ಸ್ಪೆಷಲ್ ಎಜುಕೇಟರ್ ಇರಬೇಕು ಎಂದು 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಆದ್ದರಿಂದ ಈ ಪ್ರಶ್ನೆಗೆ ಯಾವ ಪ್ರಿನ್ಸಿಪಾಲರೂ ಬೇಸರ ಮಾಡಿಕೊಳ್ಳಬೇಕಾಗಿಲ್ಲ.

ಸಿಬಿಎಸ್‌ಇ ಬೋರ್ಡ್ ಪರೀಕ್ಷೆಯಲ್ಲಿ ಇರುವ ಸೌಲಭ್ಯಗಳು ಹಲವರಿಗೆ ಗೊತ್ತಿರಲ್ಲ. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಹೆಚ್ಚುವರಿ ಸಮಯ ಸಿಗುತ್ತದೆ. ಅಗತ್ಯವಿದ್ದವರಿಗೆ ಬರೆಯಲು ಲಿಪಿಕಾರರು, ಅಂದರೆ ಸ್ಕ್ರೈಬ್ ಸಿಗುತ್ತಾರೆ. ತೃತೀಯ ಭಾಷೆಯಿಂದ ವಿನಾಯಿತಿ ಇದೆ. ಹತ್ತನೇ ಕ್ಲಾಸಿನಲ್ಲಿ ಎರಡರ ಬದಲು ಒಂದೇ ಭಾಷೆ ತೆಗೆದುಕೊಂಡು, ಗಣಿತ ಅಥವಾ ವಿಜ್ಞಾನದ ಜಾಗದಲ್ಲಿ ಚಿತ್ರಕಲೆ, ಸಂಗೀತ, ಗೃಹವಿಜ್ಞಾನದಂಥ ವಿಷಯ ಆರಿಸಿಕೊಳ್ಳುವ ಅವಕಾಶವೂ ಇದೆ. ಇಲ್ಲಿನ ಅರಬಿ ಪಾಠ ಕತಾರಿನ ಶಿಕ್ಷಣ ಸಚಿವಾಲಯದ ನಿಯಮದಡಿ ಬರುವುದರಿಂದ ಅದರ ಬಗ್ಗೆ ಶಾಲೆಯಲ್ಲಿ ಬೇರೆಯಾಗಿಯೇ ಕೇಳಬೇಕು.

ಗಣಿತ ಬಿಡುವ ಮೊದಲು ಮಾತ್ರ ಎರಡು ಸಲ ಯೋಚಿಸಬೇಕು. ಹತ್ತರಲ್ಲಿ ಗಣಿತ ಇಲ್ಲದಿದ್ದರೆ ಮುಂದೆ ಸೈನ್ಸ್, ಡಿಪ್ಲೊಮಾ, ಹಲವು ಐಟಿಐ ಕೋರ್ಸುಗಳ ಬಾಗಿಲು ಮುಚ್ಚಬಹುದು. ಹೆಚ್ಚುವರಿ ಸಮಯ ಕೊಟ್ಟರೆ ಪಾಸಾಗಬಲ್ಲ ಮಗುವಿಗೆ "ಸುಲಭ ಆಗಲಿ" ಅಂತ ಗಣಿತ ಬಿಡಿಸುವುದು ಉಪಕಾರವಲ್ಲ.

ಈ ಸೌಲಭ್ಯಗಳನ್ನು ಪರೀಕ್ಷೆಯ ತಿಂಗಳಲ್ಲಿ ಕೇಳಿದರೆ ಸಿಗುವುದು ಕಷ್ಟ. ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಮಗುವಿನ ಹೆಸರನ್ನು ಬೋರ್ಡಿಗೆ ನೋಂದಾಯಿಸುವಾಗಲೇ ವಿಶೇಷ ಅಗತ್ಯದ ಮಗು ಎಂದು ನಮೂದಿಸಬೇಕು, ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಅದಕ್ಕೆ ಬೋರ್ಡ್ ಒಪ್ಪುವ ಪ್ರಮಾಣಪತ್ರ ಬೇಕು. ಎಂಟನೇ ಕ್ಲಾಸಿನಲ್ಲೇ "ಯಾರು ಸಹಿ ಮಾಡಿದ ಸರ್ಟಿಫಿಕೇಟ್ ನಡೆಯುತ್ತದೆ" ಎಂದು ಶಾಲೆಯಿಂದ ಲಿಖಿತವಾಗಿ ಕೇಳಿ ತಿಳಿದುಕೊಂಡವರಿಗೆ ಓಡಾಟ ಅರ್ಧಕ್ಕರ್ಧ ತಪ್ಪುತ್ತದೆ.

ರಜೆಯಲ್ಲಿ ಊರಿಗೆ ಹೋದಾಗ

ಸರ್ಟಿಫಿಕೇಟ್ ಮಾಡಿಸಲು ಬಹಳಷ್ಟು ಕುಟುಂಬಗಳಿಗೆ ಸಿಗುವುದು ಬೇಸಿಗೆ ರಜೆ. ದೋಹಾದ ಬೇಸಿಗೆ ರಜೆ ಅಂದರೆ ಕರಾವಳಿಯಲ್ಲಿ ಆಟಿಯ ಮಳೆ. ಮೂವತ್ತು ದಿನದ ರಜೆಯಲ್ಲಿ ಎರಡು ಮದುವೆ, ಒಂದು ಗೃಹಪ್ರವೇಶ, ನೆಂಟರ ಮನೆ ಎಲ್ಲ ಮುಗಿಸಿ ಕೊನೆಯ ವಾರ ಆಸ್ಪತ್ರೆಗೆ ಹೋದರೆ ಕೆಲಸ ಆಗಲ್ಲ. ಪರೀಕ್ಷೆಗಳಿಗೆ ಎರಡು ಮೂರು ಸಲ ಹೋಗಬೇಕಾಗತ್ತೆ.

ದಕ್ಷಿಣ ಕನ್ನಡದವರಿಗೆ ಮಂಗಳೂರಿನ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡು ಜಿಲ್ಲಾಸ್ಪತ್ರೆ. ಅಂಗವೈಕಲ್ಯದ ಪ್ರಮಾಣಪತ್ರಕ್ಕೂ ಯುಡಿಐಡಿ ಕಾರ್ಡಿಗೂ ಸ್ವಾವಲಂಬನ್ ಜಾಲತಾಣದಲ್ಲಿ ದೋಹಾದಿಂದಲೇ ಮೊದಲು ಅರ್ಜಿ ಹಾಕಿಟ್ಟು, ರಜೆಯ ಮೊದಲ ವಾರವೇ ಮಗುವನ್ನು ಕರೆದುಕೊಂಡು ಹೋಗಬಹುದು. ಮಾತು ಮತ್ತು ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಲಿಕೆಯ ತೊಂದರೆ, ಆಟಿಸಂ, ಗಮನದ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್. ಇವೆರಡರ ದೊಡ್ಡ ಅನುಕೂಲ ಏನೆಂದರೆ ಮಗುವಿನ ಜೊತೆ ಕನ್ನಡದಲ್ಲಿ ಮಾತಾಡಿ ಪರೀಕ್ಷಿಸುವವರು ಅಲ್ಲಿ ಸಿಗುತ್ತಾರೆ. ನಿರ್ದಿಷ್ಟ ಕಲಿಕಾ ನ್ಯೂನತೆಗೆ ಒಂದು ವಿಷಯ ನೆನಪಿರಲಿ: ಕೇಂದ್ರ ಸರಕಾರದ 2018ರ ಮಾರ್ಗಸೂಚಿಯಲ್ಲಿ 8 ವರ್ಷ ತುಂಬಿದ ಮೇಲೆಯೇ ಅದರ ಸರ್ಟಿಫಿಕೇಟ್, 14 ಮತ್ತು 18ರಲ್ಲಿ ಮತ್ತೆ ಪರೀಕ್ಷೆ ಎಂದಿತ್ತು. ಆರು ವರ್ಷದ ಮಗುವಿಗೆ ಸರ್ಟಿಫಿಕೇಟ್ ಸಿಗಲಿಲ್ಲ ಅಂತ ಬೇಸರ ಪಡಬೇಕಾಗಿಲ್ಲ, ಕ್ಲಾಸಿನಲ್ಲಿ ಸಹಾಯ ಕೇಳಲು ಅದು ಬೇಕಾಗಿಯೂ ಇಲ್ಲ.

ಅಪ್ಪ ದೋಹಾದಲ್ಲಿ, ಮಗು ಊರಿನಲ್ಲಿ

ಫ್ಯಾಮಿಲಿ ವೀಸಾ ಇರುವವರ ಮಾತು ಇದಾಯ್ತು. ಸೂಕ್‌ಗೆ ಶುಕ್ರವಾರ ಬರುವವರಲ್ಲಿ ಒಬ್ಬರೇ ಇರುವ ಗಂಡಸರೇ ಹೆಚ್ಚು. ಅವರ ಮಕ್ಕಳು ಪುತ್ತೂರು, ಕುಂದಾಪುರ, ಭಟ್ಕಳ, ಮಂಜೇಶ್ವರದ ಶಾಲೆಗಳಲ್ಲಿ. ಅಲ್ಲಿ ಟೀಚರ್ ಎದುರು ಕೂರುವವಳು ತಾಯಿ ಒಬ್ಬಳೇ. "ಮಗುವಿನ ಅಪ್ಪ ಬಂದ ಮೇಲೆ ಮಾತಾಡೋಣ" ಎಂದು ಅವಳನ್ನು ಕಳಿಸಿಬಿಡುವುದು ಸುಲಭ. ಅಪ್ಪ ಬರುವುದು ಎರಡು ವರ್ಷಕ್ಕೊಮ್ಮೆ.

ಈ ಕುಟುಂಬಗಳು ಗಮನಿಸಬೇಕಾದ್ದು ಏನೆಂದರೆ ಕಾನೂನಿನ ಬಲ ಅವರಿಗೇ ಹೆಚ್ಚು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರಲ್ಲಿ 21 ಬಗೆಯ ವೈಕಲ್ಯಗಳಿವೆ. ಆಟಿಸಂ, ಬೌದ್ಧಿಕ ವೈಕಲ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾತಿನ ತೊಂದರೆ ಎಲ್ಲ ಸೇರಿವೆ. ಶೇ. 40 ಅಥವಾ ಹೆಚ್ಚು ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದ ತನಕ ಹತ್ತಿರದ ಶಾಲೆಯಲ್ಲೋ, ಪೋಷಕರು ಬಯಸಿದರೆ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ಸರಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಇಂಥ ಮಕ್ಕಳನ್ನು ತಾರತಮ್ಯ ಇಲ್ಲದೆ ಸೇರಿಸಿಕೊಳ್ಳುವಂತೆ ನೋಡಿಕೊಳ್ಳಬೇಕು ಎಂದೂ ಕಾಯ್ದೆ ಹೇಳುತ್ತದೆ. ಪ್ರಾಥಮಿಕದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬ, ಅದರ ಮೇಲಿನ ಹಂತದಲ್ಲಿ 15ಕ್ಕೆ ಒಬ್ಬ ವಿಶೇಷ ಶಿಕ್ಷಕರು ಇರಬೇಕು ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿದೆ. ನೆಲದ ಮೇಲೆ ಅಷ್ಟು ಜನ ಇಲ್ಲ ಎಂಬುದು ಎಲ್ಲರಿಗೂ ಕಾಣುವ ಸಂಗತಿ. ಆದರೂ ಕರ್ನಾಟಕದ ಬ್ಲಾಕ್ ಸಂಪನ್ಮೂಲ ಕೇಂದ್ರಗಳಲ್ಲಿ ಬಿಐಇಆರ್‌ಟಿ ಎಂಬ ಶಿಕ್ಷಕರು ಇರುತ್ತಾರೆ, ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವವರು. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣವೂ ಇವರ ಮೂಲಕವೇ. ತಾಲೂಕಿನ ಬಿಆರ್‌ಸಿ ಕಚೇರಿಗೆ ತಾಯಿ ಒಮ್ಮೆ ಹೋಗಿ ಮಗುವಿನ ಹೆಸರು ಬರೆಸಿ ಬರಬೇಕು. ಕಾಸರಗೋಡಿನ ಕಡೆಯವರಿಗೆ ಪಂಚಾಯತಿನ ಬಡ್ಸ್ ಶಾಲೆಗಳಿವೆ. ಕನ್ನಡ ಮೀಡಿಯಂ ಮಗುವನ್ನು ಮಲಯಾಳಂನಲ್ಲಿ ಪರೀಕ್ಷಿಸಿ "ಅರ್ಥ ಆಗಲ್ಲ" ಎಂದು ಬರೆಯದಂತೆ ಮಾತ್ರ ಅಲ್ಲಿ ಎಚ್ಚರ ಬೇಕು.

ದೋಹಾದ ಅಪ್ಪನಿಗೂ ಕೆಲಸ ಇದೆ, ದುಡ್ಡು ಕಳಿಸುವುದರ ಹೊರತಾಗಿ. ಪತ್ರ ಟೈಪ್ ಮಾಡಿಸಿ ತನ್ನ ಇಮೇಲಿನಿಂದ ಶಾಲೆಗೆ ಕಳಿಸಬಹುದು. ಎಲ್ಲ ರಿಪೋರ್ಟುಗಳ ಫೋಟೋ ತೆಗೆದು ಒಂದೇ ಫೋಲ್ಡರಿನಲ್ಲಿ ತಾರೀಕಿನ ಪ್ರಕಾರ ಇಡಬಹುದು. ಮೀಟಿಂಗ್ ದಿನ ಫೋನಿನಲ್ಲಿ ಸೇರಿಕೊಳ್ಳಬಹುದು. ಕತಾರ್ ಗಡಿಯಾರ ಊರಿಗಿಂತ ಎರಡೂವರೆ ಗಂಟೆ ಹಿಂದೆ. ಊರಿನ ಬೆಳಿಗ್ಗೆ ಹತ್ತೂವರೆ ಎಂದರೆ ಇಲ್ಲಿ ಎಂಟು, ಡ್ಯೂಟಿಯ ಹೊತ್ತು. ಮಧ್ಯಾಹ್ನ ಮೂರೂವರೆಗೆ, ಅಂದರೆ ಇಲ್ಲಿಯ ಒಂದು ಗಂಟೆಯ ಊಟದ ಬ್ರೇಕಿಗೆ ಮೀಟಿಂಗ್ ಇಡಿ ಎಂದು ಶಾಲೆಯನ್ನು ಕೇಳಬಹುದು. ಮೀಟಿಂಗ್ ಶುರುವಾದಾಗ ಅಪ್ಪ ಹೇಳಬೇಕಾದ ಒಂದು ಮಾತಿದೆ: "ಇವಳು ಹೇಳಿದ್ದೇ ನನ್ನ ಮಾತು." ಮುಂದಿನ ಸಲ ತಾಯಿ ಒಬ್ಬಳೇ ಹೋದರೂ ಆಗ ನಡೆಯತ್ತೆ.

ಊರಿನ ಶಾಲೆ ಕೇಳದೇ ಇದ್ದರೆ ಮುಂದಿನ ಮೆಟ್ಟಿಲು ಕ್ಷೇತ್ರ ಶಿಕ್ಷಣಾಧಿಕಾರಿ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ರಾಜ್ಯ ಅಂಗವಿಕಲರ ಹಕ್ಕುಗಳ ಆಯುಕ್ತರಿದ್ದಾರೆ, ದೂರನ್ನು ಬರಹದಲ್ಲಿ ದೋಹಾದಿಂದಲೂ ಕಳಿಸಬಹುದು. ಕತಾರಿನ ಶಾಲೆಯ ವಿಷಯವಾದರೆ ಕ್ಲಾಸ್ ಟೀಚರ್, ಪ್ರಿನ್ಸಿಪಾಲ್, ಶಾಲೆಯ ಆಡಳಿತ ಮಂಡಳಿ, ಆಮೇಲೆ ಶಿಕ್ಷಣ ಸಚಿವಾಲಯ. ಈ ಎಲ್ಲ ಕಡೆ ಮೊದಲು ಕೇಳುವ ಪ್ರಶ್ನೆ ಒಂದೇ: ಬರೆದುಕೊಟ್ಟಿದ್ದೀರಾ?

ಎಲ್ಲ ಮಾಡಿದ ಮೇಲೂ ಕೆಲವು ಮಕ್ಕಳಿಗೆ ಆ ಶಾಲೆ ಹೊಂದಲ್ಲ. ಹಾಗಾದಾಗ ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಐದು ವರ್ಷದೊಳಗೆ ಒಂಬತ್ತು ಅವಕಾಶ, ಒಂದೊಂದೇ ವಿಷಯ ಬರೆದು ಮುಗಿಸಬಹುದು. ದೋಹಾದಲ್ಲಿ ವಿಶೇಷ ಅಗತ್ಯದ ಮಕ್ಕಳ ಕೇಂದ್ರಗಳೂ ಇವೆ, ಆದರೆ ಫೀಸು ಹೆಚ್ಚಿನ ಸಂಬಳಗಳಿಗೆ ನಿಲುಕುವಂಥದ್ದಲ್ಲ. ತಾಯಿ ಮಗು ಊರಿಗೆ ಮರಳುವುದೇ ಸರಿ ಎಂಬ ತೀರ್ಮಾನಕ್ಕೂ ಕೆಲವು ಕುಟುಂಬಗಳು ಬರುತ್ತವೆ. ಅದನ್ನು ಸೋಲು ಅಂತ ಯಾರಾದರೂ ಅಂದರೆ ಅವರಿಗೆ ಲೆಕ್ಕ ಗೊತ್ತಿಲ್ಲ. ಹಾಗೆ ಮರಳುವವರು ಶಾಲೆಯಿಂದ ಟಿಸಿ ಜೊತೆಗೆ ಮಗುವಿಗೆ ಇಲ್ಲಿ ಏನೇನು ಸಹಾಯ ಕೊಡಲಾಗಿತ್ತು ಎಂಬ ಪತ್ರವನ್ನೂ ಕೇಳಿ ತೆಗೆದುಕೊಂಡು ಹೋಗಬೇಕು.

ಪಾರಿವಾಳ ಎಣಿಸಿದ ಆ ಹುಡುಗನ ಮನೆಯವರು ಮಾಡಬೇಕಾದ್ದು ಇಷ್ಟು. ಶನಿವಾರ ನೋಟ್‌ಪುಸ್ತಕ ತೆರೆದು, ಕಿವಿ ಮುಚ್ಚಿಕೊಂಡದ್ದು, ನೂರರ ತನಕ ಎಣಿಸಿದ್ದು, 37ಕ್ಕೆ 73 ಬರೆದದ್ದು ಮೂರನ್ನೂ ಬರೆಯಬೇಕು. ಎರಡು ವಾರ ಹೀಗೇ ಬರೆದ ಮೇಲೆ ಒಂದು ಪುಟದ ಪತ್ರ. ಕತಾರಿನಲ್ಲಿ ಶಾಲೆಯ ವಾರ ಭಾನುವಾರ ಶುರು, ಆಫೀಸ್ ಕೌಂಟರಿನಲ್ಲಿ ಅವತ್ತು ಬೆಳಿಗ್ಗೆಯೇ ಕೊಟ್ಟು, ತಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬರಬೇಕು.